ಶಬ್ದದ ಬೆನ್ನು ಹತ್ತಿದ ರಾಮನ್

(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಇರಕಲ್ಲಗಡ)

ಸರ್ ಸಿ. ವಿ. ರಾಮನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಬೆಳಕು. ಫೆಬ್ರವರಿ 28ರ ವಿಜ್ಞಾನ ದಿನ, ರಾಮನ್ ಪರಿಣಾಮ, 1930ರ ನೊಬೆಲ್ ಪ್ರಶಸ್ತಿ, ಇಷ್ಟನ್ನು ಹೈಸ್ಕೂಲಿನಿಂದಲೂ ಬಾಯಿಪಾಠ ಮಾಡಿದ್ದೇವೆ. ಆದರೆ ಬೆಳಕಿನ ಕಡೆ ಪೂರ್ತಿ ತಿರುಗುವ ಮೊದಲು ಅವರು ಹತ್ತು ಹನ್ನೆರಡು ವರ್ಷ ಶಬ್ದದ ಬೆನ್ನು ಹತ್ತಿದ್ದರು. ಪಿಟೀಲು, ವೀಣೆ, ತಂಬೂರಿ, ಏಕತಾರಿ, ಮೃದಂಗ, ತಬಲಾ, ಇವೇ ಅವರ ಪ್ರಯೋಗಶಾಲೆಯ ಸಾಮಾನುಗಳಾಗಿದ್ದವು. ಆ ರಾಮನ್ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಹೆಚ್ಚು ಇಲ್ಲ. ಅದಕ್ಕೇ ಅವರ ಜೀವನದ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ಮೊಹರಂ ದಿನಗಳಲ್ಲಿ ನಮ್ಮ ಭಾಗದ ಊರೂರಿನಲ್ಲಿ ಹಲಗಿ ಬಡಿಯುತ್ತಾರೆ. ಅಲಾಯಿ ಕುಣಿತಕ್ಕೆ ಜಾತಿ ಧರ್ಮ ನೋಡದೆ ಎಲ್ಲರೂ ಹೆಜ್ಜೆ ಹಾಕುತ್ತಾರೆ. ಹಲಗಿಯ ಪೆಟ್ಟು ಎದೆಗೇ ಬಂದು ತಾಗುತ್ತದೆ. ಆದರೆ ಆ ಹಲಗಿ ಯಾವ ಸ್ವರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಅದೇ ಕವ್ವಾಲಿಯಲ್ಲೋ ಭಜನೆಯಲ್ಲೋ ತಬಲಾದವರು ಹಾಡು ಶುರುವಾಗುವ ಮೊದಲು ಸಣ್ಣ ಸುತ್ತಿಗೆಯಿಂದ ಅಂಚಿಗೆ ತಟ್ಟಿ ತಟ್ಟಿ, ಹಾರ್ಮೋನಿಯಂ ಸ್ವರಕ್ಕೆ ಸರಿಯಾಗಿ ಕೂಡಿಸಿಕೊಳ್ಳುತ್ತಾರೆ. ಹಲಗಿಯೂ ಚರ್ಮ, ತಬಲಾವೂ ಚರ್ಮ. ಒಂದು ಸದ್ದು ಮಾಡುತ್ತದೆ, ಇನ್ನೊಂದು ಸ್ವರ ಹಾಡುತ್ತದೆ. ಯಾಕೆ? ಇದಕ್ಕೆ ವಿಜ್ಞಾನದ ಉತ್ತರ ಕೊಟ್ಟವರು ರಾಮನ್. ಆ ಉತ್ತರದ ಅರ್ಧ ಭಾಗ ತಬಲಾದ ಮೇಲಿನ ಕಪ್ಪು ವೃತ್ತದಲ್ಲಿದೆ, ಉಳಿದ ಅರ್ಧ ನಮ್ಮ ಕಿವಿ ಮತ್ತು ಮಿದುಳಿನಲ್ಲಿದೆ.

ಲೆಕ್ಕಪತ್ರದ ಸಾಹೇಬರು

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಉಪನ್ಯಾಸಕರು. ಅವರಿಗೆ ಸಂಗೀತದಲ್ಲಿ ತುಂಬಾ ಒಲವಿತ್ತು. ತಂದೆಯ ಕೆಲಸದ ಕಾರಣ ಬಾಲ್ಯ ವಿಶಾಖಪಟ್ಟಣದಲ್ಲಿ ಕಳೆಯಿತು. 11ನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1904ರಲ್ಲಿ ಭೌತಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಪಾಸಾದ. 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು.

ಇಷ್ಟು ಜಾಣ ಹುಡುಗ ಮುಂದೆ ವಿಲಾಯತಿಗೆ ಹೋಗಿ ಓದಬೇಕಿತ್ತು. ಆದರೆ ದೇಹ ಸೊರಗಿತ್ತು. ಇಂಗ್ಲೆಂಡಿನ ಚಳಿಯನ್ನು ಈ ಶರೀರ ತಡೆಯಲಾರದು ಎಂದು ಸರ್ಕಾರಿ ವೈದ್ಯರು ತಡೆದರು. ಆ ಕಾಲದಲ್ಲಿ ಭಾರತದಲ್ಲಿ ವಿಜ್ಞಾನ ಓದಿದವನಿಗೆ ಸಂಶೋಧನೆಯ ನೌಕರಿ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದರು, ಪಾಸಾದರು. 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಅದೇ ವರ್ಷ ಲೋಕಸುಂದರಿಯವರೊಡನೆ ಮದುವೆಯೂ ಆಯಿತು. ಅವರು ವೀಣೆ ನುಡಿಸುತ್ತಿದ್ದರು.

ಕಾಮರ್ಸ್ ಓದುವ ಗೆಳತಿಯರು ಇದನ್ನು ಗಮನಿಸಬೇಕು. ಮುಂದೆ ನೊಬೆಲ್ ಪಡೆದ ಈ ಮನುಷ್ಯ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರ ನೋಡಿದವರು. ಆಫೀಸಿಗೆ ಹೋಗುವ ದಾರಿಯಲ್ಲಿ ಬೌಬಜಾರ್ ಬೀದಿಯಲ್ಲಿ ಒಂದು ಬೋರ್ಡು ಅವರ ಕಣ್ಣಿಗೆ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಪರಿಷತ್ತು. ದೊಡ್ಡ ಆಸೆಯಿಂದ ಕಟ್ಟಿದ ಸಂಸ್ಥೆ, ಆದರೆ ಸಂಶೋಧನೆ ಮಾಡುವವರಿಲ್ಲದೆ ಸುಮ್ಮನೆ ಬಿದ್ದಿತ್ತು. ರಾಮನ್ ಒಳಗೆ ಹೋಗಿ ಅನುಮತಿ ಕೇಳಿದರು. ಅಂದಿನಿಂದ ಆಫೀಸಿಗೆ ಮುಂಚೆ ಬೆಳಿಗ್ಗೆ, ಆಫೀಸಿನ ನಂತರ ರಾತ್ರಿಯವರೆಗೆ, ರಜಾ ದಿನ ಪೂರ್ತಿ, ಅಲ್ಲಿಯೇ ಕೆಲಸ. ಸಹಾಯಕ್ಕೆ ಆಶುತೋಷ್ ಡೇ ಎಂಬುವರು ಇದ್ದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅಲ್ಲಿಯೂ ಕೆಲಸ ಬಿಡಲಿಲ್ಲ. 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು.

ಆ ಪರಿಷತ್ತಿನಲ್ಲಿ ಬೆಲೆಬಾಳುವ ಯಂತ್ರಗಳಿರಲಿಲ್ಲ. ಹಾಗಿದ್ದರೆ ಯಾವ ವಿಷಯ ಹಿಡಿಯಬೇಕು? ಕಡಿಮೆ ಖರ್ಚಿನಲ್ಲಿ, ನಮ್ಮ ಸುತ್ತಮುತ್ತ ಸಿಗುವ ವಸ್ತುವಿನಿಂದ ಮಾಡಬಹುದಾದ ಕೆಲಸ ಬೇಕಿತ್ತು. ಒಂದು ತಂತಿ, ಒಂದು ಬಿಲ್ಲು, ಒಂದು ಮೃದಂಗ ಎಲ್ಲಿಯೂ ಸಿಗುತ್ತವೆ. ಶಬ್ದದ ಅಭ್ಯಾಸ ಅವರಿಗೆ ಹೊಂದಿಕೊಂಡಿತು.

ಹೆಲ್ಮ್‌ಹೋಲ್ಟ್ಸ್ ಎಂಬ ಗುರು

ರಾಮನ್ ಚಿಕ್ಕ ವಯಸ್ಸಿನಲ್ಲಿ ಓದಿ, ಜೀವನಪೂರ್ತಿ ನೆನೆಸಿಕೊಂಡ ಪುಸ್ತಕಗಳಲ್ಲಿ ಒಂದು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಬರೆದದ್ದು. 1863ರಲ್ಲಿ ಬಂದ ಆ ಗ್ರಂಥದ ವಿಷಯ, ಸ್ವರ ನಮ್ಮ ಅನುಭವಕ್ಕೆ ಹೇಗೆ ಬರುತ್ತದೆ ಎಂಬುದು. ಹೆಲ್ಮ್‌ಹೋಲ್ಟ್ಸ್ ವೈದ್ಯರೂ ಹೌದು, ಭೌತವಿಜ್ಞಾನಿಯೂ ಹೌದು. ನರದಲ್ಲಿ ಸುದ್ದಿ ಎಷ್ಟು ವೇಗದಲ್ಲಿ ಓಡುತ್ತದೆ ಎಂಬುದನ್ನು ಕಪ್ಪೆಯ ನರದ ಮೇಲೆ ಮೊದಲು ಅಳೆದವರು ಅವರೇ. ಅದು ಸೆಕೆಂಡಿಗೆ ಸುಮಾರು 27 ಮೀಟರ್. ಅಲ್ಲಿಯವರೆಗೆ ಅದನ್ನು ಅಳೆಯಲು ಆಗುವುದೇ ಇಲ್ಲ ಎಂದು ದೊಡ್ಡ ದೊಡ್ಡವರು ನಂಬಿದ್ದರು.

ಹೆಲ್ಮ್‌ಹೋಲ್ಟ್ಸ್ ಹೇಳಿದ ಮುಖ್ಯ ಮಾತನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಒಂದು ತಂತಿ ಮೀಟಿದಾಗ ಹೊರಡುವುದು ಒಂದೇ ಕಂಪನವಲ್ಲ. ತಂತಿ ಸೆಕೆಂಡಿಗೆ 100 ಸಲ ಅಲುಗಿದರೆ, ಅದರ ಜೊತೆಗೇ 200, 300, 400, 500ರ ಸಣ್ಣ ಕಂಪನಗಳೂ ಇರುತ್ತವೆ. ಇವುಗಳಿಗೆ ಹಾರ್ಮೋನಿಕ್ ಎನ್ನುತ್ತಾರೆ. ಕಿವಿಯ ತಮಟೆ, ಮೂರು ಪುಟ್ಟ ಎಲುಬು ದಾಟಿ ಈ ಕಂಪನ ಶಂಖದ ಆಕಾರದ ಕಾಕ್ಲಿಯಾ ಸೇರುತ್ತದೆ. ಅಲ್ಲಿ ಒಂದೊಂದು ಜಾಗ ಒಂದೊಂದು ಆವೃತ್ತಿಗೆ ಸ್ಪಂದಿಸುತ್ತದೆ ಎಂದು ಅವರು ಹೇಳಿದರು. ಆ ಜಾಗಗಳು ಬಿಡಿ ಬಿಡಿ ತಂತಿಯ ಹಾಗೆ ಅಲುಗುತ್ತವೆ ಎಂಬ ಅವರ ಊಹೆಯನ್ನು ಮುಂದೆ ಗಿಯಾರ್ಗ್ ಫಾನ್ ಬೇಕೇಶಿ ತಿದ್ದಿದರು. ಕಾಕ್ಲಿಯಾದ ಒಳಪೊರೆಯ ಮೇಲೆ ಅಲೆ ಓಡುತ್ತದೆ, ಆವೃತ್ತಿಗೆ ತಕ್ಕಂತೆ ಬೇರೆ ಬೇರೆ ಜಾಗದಲ್ಲಿ ಅದು ಎತ್ತರಕ್ಕೇರುತ್ತದೆ ಎಂದು ತೋರಿಸಿದ ಬೇಕೇಶಿ 1961ರಲ್ಲಿ ನೊಬೆಲ್ ಪಡೆದರು. ಆದರೆ ಶಬ್ದವನ್ನು ಕಿವಿ ಬಿಡಿಸಿ ಮಿದುಳಿಗೆ ಕಳಿಸುತ್ತದೆ ಎಂಬ ಹೆಲ್ಮ್‌ಹೋಲ್ಟ್ಸ್‌ರ ಮೂಲ ವಿಚಾರ ಇಂದಿಗೂ ಉಳಿದಿದೆ.

ಇದರ ಉದಾಹರಣೆ ನಮಗೆ ದಿನಕ್ಕೆ ಐದು ಸಲ ಸಿಗುತ್ತದೆ. ಅಜಾನ್‌ನ ಪದಗಳು ಎಲ್ಲ ಮಸೀದಿಯಲ್ಲೂ ಒಂದೇ. ಆದರೂ ಮೊದಲ ಪದ ಕಿವಿಗೆ ಬಿದ್ದ ಕೂಡಲೇ ಇವತ್ತು ಕೊಟ್ಟವರು ಮುಅಜ್ಜಿನ್ ಸಾಹೇಬರೋ ಬೇರೆಯವರೋ ಎಂದು ಮನೆಯಲ್ಲಿ ಕುಳಿತೇ ಹೇಳುತ್ತೇವೆ. ಪದ ಒಂದೇ ಇದ್ದರೂ, ಸ್ವರ ಒಂದೇ ಇದ್ದರೂ, ಒಬ್ಬೊಬ್ಬರ ದನಿಯಲ್ಲಿ ಆ ಹಾರ್ಮೋನಿಕ್‌ಗಳ ಪ್ರಮಾಣ ಬೇರೆ. ಒಬ್ಬರಲ್ಲಿ ಎರಡನೆಯದು ಜೋರು, ಇನ್ನೊಬ್ಬರಲ್ಲಿ ನಾಲ್ಕನೆಯದು. ಈ ಲೆಕ್ಕವನ್ನೆಲ್ಲ ನಮ್ಮ ಮಿದುಳು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುತ್ತದೆ.

ಮೃದಂಗದ ಲೆಕ್ಕ

ರಾಮನ್ 1909ರಲ್ಲೇ ಏಕತಾರಿಯ ಬಗ್ಗೆ ಬರೆದರು. 1918ರಲ್ಲಿ ಪಿಟೀಲಿನ ತಂತಿ ಬಿಲ್ಲಿನಡಿ ಹೇಗೆ ಅಲುಗುತ್ತದೆ ಎಂಬ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ವೀಣೆ ಮತ್ತು ತಂಬೂರಿಯ ಕುದುರೆ, ಅಂದರೆ ತಂತಿ ಕೂರುವ ಸೇತುವೆ, ಸ್ವಲ್ಪ ಬಾಗಿದ ಚಪ್ಪಟೆ ಆಕಾರದಲ್ಲಿರುತ್ತದೆ. ಪಿಟೀಲಿನ ಹಾಗೆ ಚೂಪಾಗಿರುವುದಿಲ್ಲ. ಹೆಲ್ಮ್‌ಹೋಲ್ಟ್ಸ್‌ರ ನಿಯಮದಂತೆ ಬರಬಾರದ ಹಾರ್ಮೋನಿಕ್‌ಗಳು ಈ ಕುದುರೆಯ ಕಾರಣದಿಂದ ಬರುತ್ತವೆ ಎಂದು ರಾಮನ್ 1921ರಲ್ಲಿ ತೋರಿಸಿದರು. ಗುರುವೆಂದು ನೆನೆದವರ ನಿಯಮವನ್ನೇ ತಂಬೂರಿ ಮೀರಿತ್ತು. ರಾಮನ್ ಅದನ್ನು ಮುಚ್ಚಿಡಲಿಲ್ಲ, ಬರೆದರು.

ಚರ್ಮವಾದ್ಯಗಳ ಕೆಲಸ ಇದಕ್ಕಿಂತ ದೊಡ್ಡದು. ಎಲ್ಲ ಕಡೆ ಒಂದೇ ದಪ್ಪ ಇರುವ ದುಂಡನೆಯ ಚರ್ಮ ಬಿಗಿದು ಬಡಿದರೆ, ಅದರ ಕಂಪನಗಳ ಅನುಪಾತ ಗಣಿತದ ಪ್ರಕಾರ ಹೀಗೆ ಬರುತ್ತದೆ: ಮೊದಲನೆಯದು 100 ಆದರೆ ಮುಂದಿನವು ಸುಮಾರು 159, 214, 230, 265, 292. ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಅದಕ್ಕೇ ಚರ್ಮವಾದ್ಯದಿಂದ ತಾಳ ಬಂದೀತು, ಸ್ವರ ಬಾರದು ಎಂಬುದು ಪಶ್ಚಿಮದ ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯವಾಗಿತ್ತು. ಅವರ ಗಣಿತ ಸರಿಯೇ ಇತ್ತು. ಆದರೆ ಅವರ ಮುಂದೆ ಇದ್ದದ್ದು ಅವರ ಊರಿನ ಡ್ರಮ್.

ರಾಮನ್ ಶಿವಕಾಳಿ ಕುಮಾರ್ ಜೊತೆ ಸೇರಿ ಮೃದಂಗ ಮತ್ತು ತಬಲಾ ಪರೀಕ್ಷಿಸಿದರು. 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಈ ವಾದ್ಯಗಳ ಕಂಪನಗಳು 100, 200, 300, 400, 500 ಎಂಬ ಸರಣಿಯಲ್ಲೇ ಬರುತ್ತವೆ, ತಂತಿಯ ಹಾಗೆಯೇ. ಕಾರಣ, ಚರ್ಮದ ನಡುವೆ ಪದರ ಪದರವಾಗಿ ತಿಕ್ಕಿ ಕೂರಿಸಿದ ಕಪ್ಪು ಕರಣೆ. ತಬಲಾದವರು ಇದಕ್ಕೆ ಶಾಯಿ ಎನ್ನುತ್ತಾರೆ. ಕಬ್ಬಿಣದ ಪುಡಿ ಮತ್ತು ಅಂಟು ಸೇರಿಸಿ ಮಾಡಿದ ಈ ಭಾರ ನಡುವೆ ಹೆಚ್ಚು, ಅಂಚಿನ ಕಡೆ ಕಡಿಮೆ. ಈ ಭಾರವೇ ಚದುರಿದ್ದ ಕಂಪನಗಳನ್ನು ಎಳೆದು ತಂದು ಸಾಲಿಗೆ ನಿಲ್ಲಿಸುತ್ತದೆ. ಸುತ್ತಲಿನ ಇನ್ನೊಂದು ಚರ್ಮದ ಪಟ್ಟಿ ಬೇಡದ ಮೇಲಿನ ಕಂಪನಗಳನ್ನು ಅಡಗಿಸುತ್ತದೆ.

1934ರಲ್ಲಿ ಬೆಂಗಳೂರಿನಿಂದ ಅವರು ಇದನ್ನು ಇನ್ನೂ ವಿವರವಾಗಿ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಬಾರಿಸಿದರೆ, ಅಲುಗದ ಗೆರೆಗಳ ಮೇಲೆ ಮರಳು ಹೋಗಿ ಕೂರುತ್ತದೆ. ಆ ಗೆರೆಗಳನ್ನು ನೋಡಿ ಅವರು ಒಂಬತ್ತು ಬಗೆಯ ಕಂಪನ ಗುರುತಿಸಿದರು. ಮೊದಲ ಹಾರ್ಮೋನಿಕ್‌ಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು. ಒಟ್ಟು ಒಂಬತ್ತು ಕಂಪನ, ಐದೇ ಸ್ವರಗಳಲ್ಲಿ ಕೂಡಿಕೊಂಡಿವೆ.

ಇದರಲ್ಲಿ ನನಗೆ ಅತಿ ದೊಡ್ಡದಾಗಿ ಕಂಡದ್ದು ಬೇರೆ. ಕರಣೆ ಹಚ್ಚುವ ಕುಶಲಕರ್ಮಿಗಳಿಗೆ ಗಣಿತದ ಸೂತ್ರ ಗೊತ್ತಿರಲಿಲ್ಲ. ಒಂದು ಪದರ ಹಚ್ಚುವುದು, ಕಲ್ಲಿನಿಂದ ತಿಕ್ಕುವುದು, ಬಾರಿಸಿ ಕೇಳುವುದು, ಮತ್ತೆ ಹಚ್ಚುವುದು. ತಲೆಮಾರುಗಟ್ಟಲೆ ಅವರು ಕಿವಿಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಒಳ್ಳೆಯ ವಿಜ್ಞಾನ ಯಾವತ್ತೂ ಪುಸ್ತಕದಿಂದಲೇ ಶುರುವಾಗಬೇಕಿಲ್ಲ ಎಂಬುದನ್ನು ಅವರ ಬೆರಳುಗಳು ತೋರಿಸಿವೆ. ರಾಮನ್ ಅವರ ದೊಡ್ಡತನ ಆ ಬೆರಳುಗಳ ಕೆಲಸವನ್ನು ಗೌರವದಿಂದ ನೋಡಿ ಅಳೆದದ್ದರಲ್ಲಿದೆ.

ಮಿದುಳು ಏನು ಮಾಡುತ್ತದೆ?

ಕಂಪನ ಸಾಲಾಗಿ ಬಂದರೆ ಅದು ಸ್ವರವಾಗಿ ಯಾಕೆ ಕೇಳಬೇಕು? ಇಲ್ಲಿಂದ ಮಿದುಳಿನ ಕೆಲಸ. ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿವೆ. ಅವು ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತವೆ. ಸಂಕೇತ ಶ್ರವಣ ನರದ ಮೂಲಕ ಮಿದುಳಿನ ಕಾಂಡಕ್ಕೂ, ಅಲ್ಲಿಂದ ಎರಡೂ ಕಿವಿಗಳ ಮೇಲ್ಭಾಗದಲ್ಲಿರುವ ಮಿದುಳಿನ ಪಾರ್ಶ್ವ ಭಾಗಕ್ಕೂ ಹೋಗುತ್ತದೆ. 100, 200, 300, 400 ಎಂದು ಸಮ ಅಂತರದಲ್ಲಿ ಬಂದ ಸಂಕೇತಗಳನ್ನು ಮಿದುಳು ಬಿಡಿಬಿಡಿಯಾಗಿ ನೋಡದೆ, ಇವೆಲ್ಲ ಒಂದೇ ಮೂಲದಿಂದ ಬಂದವು ಎಂದು ಒಟ್ಟುಗೂಡಿಸಿ ಒಂದು ಸ್ವರವಾಗಿ ಕೊಡುತ್ತದೆ. 100, 159, 214 ಬಂದರೆ ಹಾಗೆ ಒಟ್ಟುಗೂಡಿಸಲು ಆಗುವುದಿಲ್ಲ. ಆಗ ನಮಗೆ ಕೇಳುವುದು ಬರೀ ಸದ್ದು.

ಇನ್ನೊಂದು ಸೋಜಿಗ ಕೇಳಿ. ಗಂಡಸರ ದನಿಯ ಮೂಲ ಕಂಪನ ಸುಮಾರು 100ರಿಂದ 120 ಇರುತ್ತದೆ. ಹಳೆಯ ಟೆಲಿಫೋನ್ ತಂತಿ 300ಕ್ಕಿಂತ ಕೆಳಗಿನದನ್ನು ಕಳಿಸುತ್ತಲೇ ಇರಲಿಲ್ಲ. ಆದರೂ ದೂರದೂರಿಗೆ ದುಡಿಯಲು ಹೋದ ಅಪ್ಪನ ದನಿ ಫೋನಿನಲ್ಲಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. 300, 400, 500 ಬಂದದ್ದನ್ನು ನೋಡಿ, ಇದರ ಬುಡದಲ್ಲಿ 100 ಇರಲೇಬೇಕು ಎಂದು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಬಾರದ ಶಬ್ದವನ್ನೂ ಅದು ಕೇಳಿಸುತ್ತದೆ.

1921ರಲ್ಲಿ ರಾಮನ್ ಮೊದಲ ಸಲ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಮಾತಿನ ಗ್ಯಾಲರಿಯಲ್ಲೂ ಪ್ರಯೋಗ ಮಾಡಿದರು. ಗುಮ್ಮಟದ ಗೋಡೆ ಹಿಡಿದು ಸಾಗುವ ಧ್ವನಿ ಎಲ್ಲೆಡೆ ಒಂದೇ ಸಮ ಇರದೆ ಏರಿಳಿಯುತ್ತದೆ ಎಂದು ಕಂಡುಕೊಂಡರು. ನಮಗೆ ಅಂಥ ಜಾಗ ಹತ್ತಿರದಲ್ಲೇ ಇದೆ, ವಿಜಯಪುರದ ಗೋಳಗುಮ್ಮಟ. ಅದರ ಒಳವ್ಯಾಸ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಬರಲು ಶಬ್ದಕ್ಕೆ ಸುಮಾರು 0.22 ಸೆಕೆಂಡು ಬೇಕು. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡು ಅಂತರ ಬೇಕೆಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೇವೆ. ಆ ಮಿತಿ ಗಾಳಿಯದೂ ಅಲ್ಲ, ಗೋಡೆಯದೂ ಅಲ್ಲ, ನಮ್ಮ ಮಿದುಳಿನದು. ಅದಕ್ಕಿಂತ ಬೇಗ ಮರಳಿದ ಶಬ್ದವನ್ನು ಮಿದುಳು ಮೊದಲಿನದರಲ್ಲೇ ಸೇರಿಸಿಬಿಡುತ್ತದೆ. ಇಲ್ಲದಿದ್ದರೆ ನಮ್ಮ ತರಗತಿಯ ನಾಲ್ಕು ಗೋಡೆಯ ನಡುವೆ ಪಾಠವೇ ಕೇಳುತ್ತಿರಲಿಲ್ಲ.

ಅದೇ ಪ್ರವಾಸದಲ್ಲಿ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಅವರ ಮನಸ್ಸು ಬೆಳಕಿನ ಕಡೆ ಹರಿಯಿತು. ಮುಂದಿನದು ಎಲ್ಲರಿಗೂ ಗೊತ್ತು. ಆದರೂ 1927ರಲ್ಲಿ ಜರ್ಮನಿಯ ದೊಡ್ಡ ಭೌತಶಾಸ್ತ್ರ ಕೋಶದಲ್ಲಿ ಸಂಗೀತ ವಾದ್ಯಗಳ ಅಧ್ಯಾಯ ಬರೆದವರು ರಾಮನ್ ಅವರೇ.

ಕೇಳದೆ ಹೋದದ್ದು

1917ರಲ್ಲೇ ಅವರು ಕಡಿಮೆ ಸಂಬಳಕ್ಕೆ ಒಪ್ಪಿ ಸರ್ಕಾರಿ ನೌಕರಿ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಂದಿನಿಂದ ಕೊನೆಯವರೆಗೂ ಕರ್ನಾಟಕದವರೇ ಆದರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಬರೆಯಬೇಕು. ಅದೇ ವರ್ಷ ಕಮಲಾ ಭಾಗ್ವತ್ ಎಂಬ ವಿದ್ಯಾರ್ಥಿನಿ ಒಳ್ಳೆಯ ಅಂಕ ಪಡೆದು ಸಂಶೋಧನೆಗೆ ಅರ್ಜಿ ಹಾಕಿದರು. ಹುಡುಗಿ ಎಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಬಿಡಲಿಲ್ಲ. ಎದುರಿಗೇ ಹೋಗಿ ನ್ಯಾಯ ಕೇಳಿದರು. ಷರತ್ತುಗಳನ್ನು ಹಾಕಿ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯಿತು, ಹುಡುಗಿಯರಿಗೆ ಬಾಗಿಲು ತೆರೆಯಿತು. ಕಮಲಾ ಸೊಹೋನಿ ಎಂದು ಮುಂದೆ ಹೆಸರಾದ ಅವರು 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ಕೆಲ ವರ್ಷಗಳಲ್ಲಿ ಅಣ್ಣಾ ಮಣಿಯಂಥವರು ರಾಮನ್ ಅವರ ಪ್ರಯೋಗಶಾಲೆಯಲ್ಲೇ ಕೆಲಸ ಮಾಡಿದರು.

ತಂಬೂರಿಯ ಸೂಕ್ಷ್ಮ ಹಾರ್ಮೋನಿಕ್ ಹಿಡಿದ ಮನುಷ್ಯನಿಗೂ ಒಬ್ಬ ಹುಡುಗಿಯ ಮಾತು ಮೊದಲ ಸಲಕ್ಕೆ ಕೇಳಿಸಲಿಲ್ಲ. ಹತ್ತಿರದ ಊರುಗಳಿಂದ ಬಸ್ಸು ಹಿಡಿದು ಬಂದು ಪಿಯುಸಿ ಓದುವ, ಮುಂದೆ ಡಿಗ್ರಿಗೆ ಕಳಿಸುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿರುವ ನನ್ನಂಥವರಿಗೆ ಈ ಘಟನೆ ಮುಖ್ಯ. ರಾಮನ್ ಅವರ ಬಗ್ಗೆ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ. ಎಷ್ಟು ದೊಡ್ಡವರೂ ತಪ್ಪಬಹುದು, ಎದುರಿಗೆ ಸಾಕ್ಷ್ಯ ಬಂದಾಗ ತಿದ್ದಿಕೊಳ್ಳಬಹುದು ಎಂಬುದೂ ಅವರ ಜೀವನದಿಂದಲೇ ತಿಳಿಯುತ್ತದೆ. ಆದರೆ ಸಾಕ್ಷ್ಯ ಹಿಡಿದು ಯಾರಾದರೂ ಅವರ ಬಾಗಿಲಿಗೆ ಹೋಗಬೇಕಿತ್ತು.

1948ರಲ್ಲಿ ಅವರು ಬೆಂಗಳೂರಿನಲ್ಲೇ ತಮ್ಮ ಹೆಸರಿನ ಸಂಶೋಧನಾಲಯ ತೆರೆದರು. 1954ರಲ್ಲಿ ಭಾರತರತ್ನ ಬಂತು. ಮುಪ್ಪಿನಲ್ಲಿ ಹೂವಿನ ಬಣ್ಣ, ಕಣ್ಣು ನೋಡುವ ಬಗೆ ಇವುಗಳ ಮೇಲೆ ಕೆಲಸ ಮಾಡಿ, 1968ರಲ್ಲಿ ದೃಷ್ಟಿಯ ಬಗ್ಗೆ ಗ್ರಂಥ ಪ್ರಕಟಿಸಿದರು. ಕಿವಿಯಿಂದ ಶುರುವಾದ ದಾರಿ ಕಣ್ಣಿನವರೆಗೆ ಬಂದಿತ್ತು. 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಅಂತ್ಯಕ್ರಿಯೆ ನಡೆದದ್ದು ಸಂಶೋಧನಾಲಯದ ತೋಟದಲ್ಲೇ. ಅಲ್ಲಿ ಗೋರಿಯಿಲ್ಲ, ಕಲ್ಲಿಲ್ಲ, ಒಂದು ಮರವಿದೆ.

ಕೊನೆಗೆ ಗೆಳೆಯ ಗೆಳತಿಯರಿಗೆ ಎರಡು ಮಾತು. ಇಯರ್‌ಫೋನ್ ಸಿಕ್ಕಿಸಿ ಜೋರಾಗಿ ಹಾಡು ಕೇಳುವಾಗ ಆ 15,000 ರೋಮಕೋಶ ನೆನಪಿರಲಿ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕೇಳುವಿಕೆಯ ವಿಷಯವನ್ನೇ ಮುಂದೆ ಓದುವ ಮನಸ್ಸಿದ್ದರೆ, 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಪಿಯುಸಿ ವಿಜ್ಞಾನ ಓದಿದವರು ಅಲ್ಲಿನ ಪದವಿ ಕೋರ್ಸಿಗೆ ಅರ್ಜಿ ಹಾಕಬಹುದು. ಕಿವುಡು ಮಗುವಿಗೆ ಮೊದಲ ಸಲ ತಾಯಿಯ ದನಿ ಕೇಳಿಸುವ ಕೆಲಸ ಅದು. ನಮ್ಮ ಹಳ್ಳಿಗಳಲ್ಲಿ ಅಂಥವರ ಅವಶ್ಯಕತೆ ಬಹಳ ಇದೆ.